ಎಡಗಾಲಿಗೆ ಎರಡು ಬೆರಳು ಸಡಿಲ

ನನ್ನ ತಮ್ಮನ ಕಾಲಿನ ಹುರಿ ಹರಿದದ್ದು ಒಬ್ಬ ಹೆಡ್ ಗುಮಾಸ್ತರ ಕುಂಡಿಯನ್ನು ಕಾಪಾಡಲು ಹೋಗಿ. ಇದನ್ನು ಇನ್ನೂ ಮರ್ಯಾದೆಯ ಮಾತಿನಲ್ಲಿ ಬರೆಯಬಹುದೇನೋ. ನಾಲ್ಕನೇ ಕ್ಲಾಸಿನವರೆಗೆ ನನಗೆ ಕಲಿಸಿದ ಮೇಷ್ಟರು ಅಂಥ ಮಾತು ಕಲಿಸಲಿಲ್ಲ.

ತಮ್ಮ ಟೇಲರು. ವಯಸ್ಸು ಅರವತ್ತೊಂದು, ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವನು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿಯ ಅಂಗಡಿಯಿದೆ. ಅದರ ಪಕ್ಕದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಇವನ ಅಂಗಡಿ. ಒಂದು ಕಿಟಕಿ, ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಗೋಡೆಗೆ ಒಂದು ಉದ್ದನೆಯ ಕನ್ನಡಿ. ಆ ಕನ್ನಡಿ ಸ್ವಲ್ಪ ಮುಂದಕ್ಕೆ ವಾಲಿದೆ, ಎದುರು ನಿಂತವರು ಇರುವುದಕ್ಕಿಂತ ಉದ್ದವಾಗಿ, ತೆಳ್ಳಗೆ ಕಾಣುತ್ತಾರೆ. ಅದನ್ನು ಹಾಗೆ ವಾಲಿಸಿ ಮೊಳೆ ಹೊಡೆದವನು ತಮ್ಮನೇ. ಯಜಮಾನರು ಹೋದ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ, ಬೆಳಿಗ್ಗೆ ಅವನ ಜೊತೆ ಅಂಗಡಿಗೆ ಬಂದು ಕಾಜಾ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ. ಹೀಗಾಗಿ ಇಲ್ಲಿ ಬರೆಯುವುದೆಲ್ಲ ನಾನೇ ಕಂಡದ್ದು. ಕಾಣದ್ದನ್ನು ಕೆಳಗಿನ ಬೀಗದವನು ಹೇಳಿದ್ದಾನೆ, ಅವನ ಮಾತಿನಲ್ಲಿ ಅರ್ಧ ಕಳೆದೇ ಬರೆದಿದ್ದೇನೆ.

ಮೊದಲು ಅವನು ಅಳತೆ ತೆಗೆಯುವ ರೀತಿ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೊಟ್ಟೆಯಿರುವವರು ಬಂದರೆ ತಮ್ಮ ಟೇಪನ್ನು ಒಂದು ಎಳೆ ಜಾಸ್ತಿ ಎಳೆದು ಹಿಡಿಯುತ್ತಾನೆ. ಸೊಂಟ ನಲವತ್ತು ಇದ್ದರೆ ಮೂವತ್ತೆಂಟೂವರೆ ಎಂದು ಕೂಗಿ ಹೇಳುತ್ತಾನೆ. ಸಣಕಲು ಮನುಷ್ಯ ಬಂದರೆ ಟೇಪಿನ ಒಳಗೆ ತನ್ನ ಎರಡು ಬೆರಳು ತೂರಿಸಿ ಹಿಡಿಯುತ್ತಾನೆ, ಎದೆ ಮೂವತ್ತೆರಡು ಇದ್ದದ್ದು ಮೂವತ್ತನಾಲ್ಕು ಆಗುತ್ತದೆ. ಗಿರಾಕಿ ಭುಜದ ಮೇಲಿಂದ ಇಣುಕುತ್ತಾನಲ್ಲ, ಹಾಗಾಗಿ ಅಳತೆ ಪುಸ್ತಕದಲ್ಲೂ ಹೇಳಿದ ಸುಳ್ಳನ್ನೇ ಬರೆಯುತ್ತಾನೆ. ಕತ್ತರಿ ಹಿಡಿದಾಗ ಮಾತ್ರ ಆ ಮನುಷ್ಯನ ಮೈ ನೆನಪು ಮಾಡಿಕೊಂಡು ಸರಿಯಾಗಿ ಕತ್ತರಿಸುತ್ತಾನೆ. ಮೂವತ್ತೆಂಟು ವರ್ಷದಿಂದ ಈ ಊರಿನಲ್ಲಿ ದಪ್ಪಗಿರುವ ಗಂಡಸೇ ಇಲ್ಲ ಎಂದು ಆ ಪುಸ್ತಕ ಸಾಕ್ಷಿ ಹೇಳುತ್ತದೆ.

"ಹೀಗೆ ಸುಳ್ಳು ಬರೀತೀಯಲ್ಲೋ," ಎಂದರೆ, "ಅಕ್ಕಾ, ಅವರು ಬಟ್ಟೆ ಹೊಲಿಸೋಕೆ ಬರೋದಲ್ಲ, ಮನಸ್ಸಿಗೆ ಸಮಾಧಾನ ಮಾಡ್ಕೊಳ್ಳೋಕೆ ಬರೋದು," ಎನ್ನುತ್ತಾನೆ.

ಇನ್ನು ಹೆಡ್ ಗುಮಾಸ್ತರ ವಿಷಯ. ಅವರ ಪ್ಯಾಂಟಿನ ಹಿಂಭಾಗ ಬಿಗಿಯಾಗಿತ್ತು, ಬಿಚ್ಚಿ ಅಗಲ ಮಾಡಿ ಕೊಡಬೇಕಿತ್ತು. ಬಿಚ್ಚಿದ ಕಡೆ ಹನ್ನೆರಡು ಗುಂಡುಸೂಜಿ ಚುಚ್ಚಿಟ್ಟುಕೊಂಡು ತಮ್ಮ ಹೊಲಿಗೆ ಹಾಕಿದ. ಗುಮಾಸ್ತರು ಪರದೆಯ ಹಿಂದೆ ಹೋಗಿ ಅದನ್ನೇ ತೊಟ್ಟುಕೊಂಡು, ತೊಟ್ಟು ಬಂದದ್ದನ್ನು ಸುತ್ತಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದರು. ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದ ನಾನು, "ಲೋ, ಹನ್ನೊಂದೇ ಇದೆ," ಎಂದೆ.

ತಮ್ಮ ನೆಲ ನೋಡಿದ, ಮಷೀನಿನ ಕೆಳಗೆ ನೋಡಿದ, ಆಮೇಲೆ ಕಿಟಕಿಯಿಂದ ಹೊರಗೆ ನೋಡಿದ. ಬಸ್ಸು ಬೀದಿಯ ತುದಿಗೆ ಬಂದು ನಿಂತಿತ್ತು, ಗುಮಾಸ್ತರು ಅದರತ್ತ ದಾಪುಗಾಲು ಹಾಕುತ್ತಿದ್ದರು.

"ಕೂತುಬಿಡ್ತಾರೆ ಅಕ್ಕಾ," ಎಂದವನೇ ಓಡಿದ.

ಹನ್ನೆರಡು ಮೆಟ್ಟಿಲು ಇಳಿದ, ಕೊನೆಯ ಎರಡನ್ನು ಹಾರಿದ, ಎಡಗಾಲು ಊರಿ ಮುಂದಕ್ಕೆ ಜಿಗಿಯಲು ಹೋದ. ಆಗಲೇ 'ಟಪ್' ಎಂದು ಸದ್ದಾಯಿತು. ಕೆಳಗೆ ಕುಳಿತಿದ್ದ ಬೀಗದವನು ತನ್ನ ಕೈಯಲ್ಲಿದ್ದ ಬೀಗವೇ ತೆರೆಯಿತೆಂದು ಖುಷಿಪಟ್ಟನಂತೆ. ತಮ್ಮನಿಗೆ ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದ ಹಾಗಾಯಿತು. ಬಿದ್ದಲ್ಲಿಂದಲೇ ತಿರುಗಿ ನೋಡಿದರೆ, ಆರು ಹೆಜ್ಜೆ ಆಚೆ ಬೀಗದವನು ಒಬ್ಬನೇ.

"ಯಾಕಯ್ಯಾ ಒದ್ದೆ?"

"ಕೂತಲ್ಲಿಂದ ನಿನ್ನ ಒದೆಯೋಕೆ ನನ್ನ ಕಾಲೇನು ಆರು ಅಡಿ ಇದೆಯಾ?"

"ಮತ್ತೆ ಯಾರು ಒದ್ದಿದ್ದು?"

"ನಿನ್ನ ವಯಸ್ಸು," ಎಂದ ಬೀಗದವನು, ಬೀಗ ಕೆಳಗಿಟ್ಟು ಎದ್ದು ಬಂದು ಅವನನ್ನು ಎತ್ತಿದ. ಬಸ್ಸು ಹೊರಟಿತ್ತು. ಗುಮಾಸ್ತರು ಕುಳಿತೂ ಆಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮನನ್ನು ಬೋರಲು ಮಲಗಿಸಿ ಎರಡೂ ಮೀನಖಂಡಗಳನ್ನು ಒಂದೊಂದಾಗಿ ಹಿಂಡಿದರು. ಬಲಗಾಲಿನದ್ದನ್ನು ಹಿಂಡಿದಾಗ ಪಾದ ಅಲ್ಲಾಡಿತು. ಎಡಪಾದ ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಸುಮ್ಮನೆ ನೇತಾಡಿತು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ ಒಂದಿರುತ್ತದಂತೆ, ಅದು ಪೂರ್ತಿ ಹರಿದಿದೆ, ಹೊಲಿಯಬೇಕು ಎಂದರು.

ಹೊಲಿಯಬೇಕು ಎಂದದ್ದೇ ತಪ್ಪಾಯಿತು. ತಮ್ಮನ ನೋವು ಎತ್ತಲೋ ಹೋಗಿ ಪ್ರಶ್ನೆಗಳು ಶುರುವಾದವು. ಯಾವ ದಾರ, ಎಷ್ಟು ಎಳೆಯದು, ಸೂಜಿ ನೇರವೋ ಬಾಗಿದ್ದೋ, ಒಂಟಿ ಹೊಲಿಗೆಯೋ ಜೋಡಿಯೋ. ಡಾಕ್ಟರು ಒಳ್ಳೆಯವರು, ಮೂರು ಪ್ರಶ್ನೆಗೆ ಉತ್ತರ ಹೇಳಿದರು. ನಾಲ್ಕನೆಯದಕ್ಕೆ ಅವನಿಗೆ ಮತ್ತು ಬರುವ ಇಂಜೆಕ್ಷನ್ ಕೊಡಿಸಿದರು. ಎರಡು ವಾರದ ಮೇಲೆ ಕಟ್ಟು ಬಿಚ್ಚಿದಾಗ ಕಾಲಿನ ಹಿಂದಿನ ಗಾಯವನ್ನು ಕನ್ನಡಿ ಹಿಡಿದು ನೋಡಿಕೊಂಡು, "ಕೆಳಗೆ ಬರ್ತಾ ಬರ್ತಾ ಹೊಲಿಗೆ ಸೊಟ್ಟಗಾಗಿದೆ. ಪರವಾಗಿಲ್ಲ, ಒಳಗಡೆ ಇರೋ ಸೀಮು, ಯಾರಿಗೂ ಕಾಣಲ್ಲ," ಎಂದ. ಡಾಕ್ಟರ ಮುಂದೆಯೇ.

ಹೆಡ್ ಗುಮಾಸ್ತರು ಮೂರನೆಯ ದಿನವೇ ಮನೆಗೆ ಬಂದಿದ್ದರು. ಕಾಗದದಲ್ಲಿ ಮಡಿಸಿದ ಹನ್ನೆರಡನೆಯ ಗುಂಡುಸೂಜಿಯನ್ನು ತಮ್ಮನ ಕೈಗಿಟ್ಟರು. ಬೈಯಲು ಬಂದವರು ಕಾಲಿನ ಕಟ್ಟು ನೋಡಿ ಬೈಗುಳ ನುಂಗಿಕೊಂಡರು. ಕುಳಿತುಕೊಳ್ಳಿ ಎಂದು ತಮ್ಮನ ಹೆಂಡತಿ ಕುರ್ಚಿ ಎಳೆದರೆ, "ಬೇಡಮ್ಮಾ, ನಿಂತೇ ಮಾತಾಡ್ತೀನಿ," ಎಂದರು.

ತಮ್ಮನ ಹೆಂಡತಿ ಜೋರು ಹೆಂಗಸು, ಆದರೆ ಬರೀ ಬಾಯಿ. ಅವಳಿಗೂ ಆ ಮಷೀನಿಗೂ ಮದುವೆಯಾದ ದಿನದಿಂದ ಆಗಿಬರುವುದಿಲ್ಲ. ನನ್ನ ಸವತಿ ಎಂದೇ ಅದನ್ನು ಕರೆಯುವುದು. ಆ ಮಷೀನನ್ನು ನಮ್ಮಪ್ಪ ತಂದದ್ದು ನನಗೆ ಹನ್ನೊಂದು ತುಂಬಿದಾಗ, ನನ್ನನ್ನು ಶಾಲೆ ಬಿಡಿಸಿದ ವರ್ಷ. ನನಗೆ ಹದಿನೆಂಟಾಗಿ ನಾನು ಹೊಲಿಯುವಾಗ ತಮ್ಮ ಇನ್ನೂ ಐದು ವರ್ಷದವನು, ಕಾಲು ಎಟುಕದೆ ಮಷೀನಿನ ಕೆಳಗೆ ನುಗ್ಗಿ ಕುಳಿತು ಎರಡೂ ಕೈಯಿಂದ ಪೆಡಲು ಒತ್ತುತ್ತಿದ್ದ. ನನ್ನ ಮದುವೆಯಾದಾಗ ಗಂಡನ ಮನೆಯಲ್ಲಿ ಅದನ್ನಿಡಲು ಜಾಗವಿರಲಿಲ್ಲ. ಮಷೀನು ಅಲ್ಲೇ ಉಳಿಯಿತು, ಅವನ ಕಾಲು ಬೆಳೆಯಿತು, ಅವನು ಟೇಲರಾದ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಈಗ ಕಾಲು ಹರಿದು ಮಲಗಿದಾಗ ತಮ್ಮನ ಹೆಂಡತಿ ಮಾತು ತೆಗೆದಳು.

"ರೀ, ಇನ್ನು ಆ ಕಬ್ಬಿಣ ಸಾಕು. ಕರೆಂಟಿನ ಮಷೀನು ತಗೊಳ್ಳಿ. ಬಲಗಾಲಲ್ಲಿ ಒತ್ತಿದ್ರೆ ಸಾಕು, ಅದೇ ಓಡುತ್ತೆ. ಮತ್ತೊಂದು ಸಲ ಹುರಿ ಹರೀತು ಅಂದ್ರೆ ನಿಮ್ಮನ್ನ ಎತ್ತೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."

"ಕರೆಂಟಿನದ್ದು ಮಷೀನಲ್ಲ ಕಣೇ, ಹಗ್ಗ ಕಿತ್ಕೊಂಡ ಎಮ್ಮೆ. ಒಂದು ಹೊಲಿಗೆ ನಿಲ್ಲಿಸು ಅಂದ್ರೆ ನಾಲ್ಕು ಹೊಲಿಗೆ ಹೋಗಿರುತ್ತೆ. ನನ್ನ ಕೈ ಕಲಿತಿರೋದೇ ನನ್ನ ಕಾಲಿನ ತಾಳಕ್ಕೆ."

"ಆ ತಾಳ ಹರಿದುಹೋಗಿದೆಯಲ್ಲ."

"ಹೊಲಿದಿದ್ದಾರೆ. ಸರಿಹೋಗುತ್ತೆ."

"ಹೋಗದಿದ್ರೆ?"

ತಮ್ಮ ಸಿಟ್ಟಿನಲ್ಲಿದ್ದ. ಡಾಕ್ಟರು ಕೊಟ್ಟ ಚೀಟಿಯಲ್ಲಿ, ಆರನೇ ತಿಂಗಳ ಕೊನೆಗೆ ಎಡಗಾಲೊಂದರ ಮೇಲೆಯೇ ನಿಂತು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಬೇಕು, ಅಷ್ಟಾದರೆ ಕಾಲು ಬಂತು ಎಂದು ಬರೆದಿತ್ತು. ಅದನ್ನು ಹೆಂಡತಿಯ ಮುಂದೆ ಹಿಡಿದು ಹೇಳಿದ: "ಹತ್ತು ಸಲ ಎತ್ತದಿದ್ರೆ ಮಷೀನು ಗುಜರಿಗೆ ಹಾಕು, ನಿನ್ನ ಎಮ್ಮೆ ತಂದು ಕಟ್ಟು. ಎತ್ತಿದ್ರೆ ಇನ್ನು ಸಾಯೋತನಕ ಇದರ ಸುದ್ದಿ ಎತ್ತಬಾರದು."

"ಅತ್ತಿಗೆ, ನೀವು ಕೇಳಿಸ್ಕೊಂಡ್ರಲ್ಲ," ಎಂದು ಅವಳು ನನ್ನನ್ನು ಸಾಕ್ಷಿ ಮಾಡಿಕೊಂಡಳು.

ಕೇಳಿಸಿಕೊಂಡೆ. ಮಷೀನಿನ ಬಗ್ಗೆ ಪಣ ಕಟ್ಟುವವರು ಇಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ ಎನ್ನುವುದನ್ನೂ ಗಮನಿಸಿದೆ.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ವ್ಯಾಯಾಮದ ಕೋಣೆ. ಅಲ್ಲಿಯ ಮೇಡಂ ಮೂವತ್ತರ ಒಳಗಿನ ಹುಡುಗಿ, ಮಾತು ಮೃದು, ಕೈ ಕಬ್ಬಿಣ. ತಮ್ಮನನ್ನು ಅಂಕಲ್ ಎಂದು ಕರೆದ ಮೊದಲ ದಿನವೇ ಅವನ ಮುಖ ಹುಳ್ಳಗಾಯಿತು. ಅವನ ಕಾಲಿಗೆ ಒಂದು ದೊಡ್ಡ ಬೂಟು ಹಾಕಿದ್ದರು, ಒಳಗೆ ಹಿಮ್ಮಡಿಯ ಕೆಳಗೆ ಮೂರು ದಿಂಡು. ಹಿಮ್ಮಡಿ ಮೇಲಿದ್ದರೆ ಹುರಿ ಸಡಿಲವಾಗಿದ್ದು ಬೇಗ ಕೂಡುತ್ತದೆ, ಒಂದೆರಡು ವಾರಕ್ಕೊಂದು ದಿಂಡು ತೆಗೆಯಬೇಕು.

"ಅವಸರ ಮಾಡಿ ಪಾದನ ಮೇಲಕ್ಕೆ ಎಳೀಬೇಡಿ ಅಂಕಲ್. ಹುರಿ ಉದ್ದ ಆಗಿಬಿಟ್ರೆ ಆಮೇಲೆ ಎಷ್ಟು ವ್ಯಾಯಾಮ ಮಾಡಿದ್ರೂ ಶಕ್ತಿ ಬರಲ್ಲ."

"ಗೊತ್ತಾಯ್ತು ಬಿಡಿ. ಇಲಾಸ್ಟಿಕ್ ಹಿಗ್ಗಿಹೋದ ಚಡ್ಡಿ ಥರ."

ಮೇಡಂ ಒಂದು ಗಳಿಗೆ ಯೋಚಿಸಿ, "ಹೂಂ, ಹಾಗೇ," ಎಂದಳು.

ಮುಂದೆ ಪಾದಕ್ಕೆ ರಬ್ಬರಿನ ಪಟ್ಟಿ ಸುತ್ತಿ ಕೆಳಕ್ಕೆ ಒತ್ತುವ ವ್ಯಾಯಾಮ ಬಂತು. ಆಸ್ಪತ್ರೆಯ ಪಟ್ಟಿ ನೋಡಿ ತಮ್ಮ ಮೂಗು ಮುರಿದು, ಅಂಗಡಿಯಿಂದ ಲಂಗದ ಸೊಂಟಕ್ಕೆ ಹಾಕುವ ಇಲಾಸ್ಟಿಕ್ಕನ್ನು ನಾಲ್ಕು ಮಡಿಕೆ ಮಾಡಿ, ಅಂಚು ಹೊಲಿಸಿ ತರಿಸಿಕೊಂಡ. ಹೊಲಿದವಳು ನಾನು. ಎರಡನೆಯ ದಿನ ಅದು ಪಾದದಿಂದ ಜಾರಿ ನೇರ ಹೋಗಿ ಅವನ ಹೆಂಡತಿಯ ಕೆನ್ನೆಗೆ ಬಡಿಯಿತು. ಆಸ್ಪತ್ರೆಯ ಪಟ್ಟಿ ಮರಳಿ ಬಂತು.

ಎಂಟು ವಾರಕ್ಕೆ ಬೂಟು ಕಳಚಿದರು. ಬಲಗಾಲಿನ ಮೀನಖಂಡ ಗಟ್ಟಿಯಾಗಿ, ತುಂಬಿಕೊಂಡಿತ್ತು. ಎಡಗಾಲಿನದ್ದು ಒಗೆದು ಹಿಂಡಿ ನೇತುಹಾಕಿದ ಅಂಗಿಯ ತೋಳಿನ ಹಾಗೆ. ಮೇಡಂ ಒಂದು ಪಟ್ಟಿ ಬರೆದುಕೊಟ್ಟಳು. ಮೊದಲು ಕುರ್ಚಿಯಲ್ಲಿ ಕುಳಿತು ಹಿಮ್ಮಡಿ ಎತ್ತುವುದು. ಹನ್ನೆರಡನೇ ವಾರದಿಂದ ಗೋಡೆ ಹಿಡಿದು ಎರಡೂ ಕಾಲಿನಲ್ಲಿ ನಿಂತು ಎತ್ತುವುದು. ಆಮೇಲೆ ಎರಡೂ ಕಾಲಿನಲ್ಲಿ ಎದ್ದು ಎಡಗಾಲೊಂದರಲ್ಲೇ ನಿಧಾನವಾಗಿ ಇಳಿಯುವುದು. ಕೊನೆಗೆ ಒಂಟಿ ಕಾಲು.

"ಜೊತೆಗೆ ವಾರಕ್ಕೊಂದು ಸಲ ಎರಡೂ ಮೀನಖಂಡದ ಸುತ್ತಳತೆ ತೆಗೆದು ಬರೀಬೇಕು. ಟೇಪ್ ಹಿಡಿಯೋದು ಹೇಗೆ ಅಂತ ತೋರಿಸ್ತೀನಿ..."

"ಮೇಡಂ," ಎಂದ ತಮ್ಮ, ಕತ್ತಿನಿಂದ ತನ್ನ ಟೇಪನ್ನು ಎಳೆದು. ಆಸ್ಪತ್ರೆಗೂ ಅದನ್ನು ಕತ್ತಿಗೆ ಹಾಕಿಕೊಂಡೇ ಹೋಗುತ್ತಿದ್ದ. "ಮೂವತ್ತೆಂಟು ವರ್ಷದಿಂದ ಇದೇ ಕೆಲಸ. ಇದೊಂದು ನನಗೆ ಬಿಡಿ."

ಮೇಡಂ ಬಿಟ್ಟಳು. ಪಾಪ, ಟೇಲರಿಗೆ ಟೇಪು ಹಿಡಿಯಲು ಬರುವುದಿಲ್ಲ ಎಂದು ಯಾರು ತಾನೇ ಯೋಚಿಸುತ್ತಾರೆ.

ಮೂರನೇ ತಿಂಗಳು ದಾಟಿದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಅಂಗಡಿಗೆ ಬಂದ. ಅಳತೆ ಪುಸ್ತಕದಲ್ಲಿ ಹೊಸ ಪುಟ ತೆಗೆದು 'ಬಲಗಾಲು', 'ಎಡಗಾಲು' ಎಂದು ಇಬ್ಬರು ಗಿರಾಕಿಗಳ ಹಾಗೆ ಬರೆದುಕೊಂಡ. ಪ್ರತಿ ಸೋಮವಾರ ಪ್ಯಾಂಟು ಮೇಲಕ್ಕೆ ಮಡಿಸಿ ಅಳತೆ. ಬಲಗಾಲು ಹದಿನಾಲ್ಕು. ಎಡಗಾಲು ಹದಿಮೂರೂಕಾಲು. ಮುಂದಿನ ವಾರ ಹದಿಮೂರೂವರೆ. ಅದರ ಮುಂದೆ ಹದಿಮೂರೂ ಮುಕ್ಕಾಲು. ನಾಲ್ಕೂವರೆ ತಿಂಗಳಿಗೆ ಎಡಗಾಲೂ ಹದಿನಾಲ್ಕು ಮುಟ್ಟಿತು. ತಮ್ಮ ಆ ಪುಟವನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದ, ಕೆಳಗೆ ಇಳಿದು ಬೀಗದವನಿಗೂ ತೋರಿಸಿದ.

"ಎಡ ಬಲ ಒಂದೇ. ಇನ್ನೇನು ಬೇಕು?"

ಇನ್ನೇನು ಬೇಕು ಎಂದವನು ವ್ಯಾಯಾಮವನ್ನೂ ಕಡಿಮೆ ಮಾಡಿದ. ಮೂವತ್ತು ಸಲ ಹಿಮ್ಮಡಿ ಎತ್ತಬೇಕಾದಲ್ಲಿ ಹತ್ತು ಎತ್ತಿ, "ಇಡೀ ದಿನ ಪೆಡಲು ತುಳೀತೀನಲ್ಲ, ಅದೇನು ವ್ಯಾಯಾಮ ಅಲ್ವಾ?" ಎನ್ನುವುದು.

ಅದೇ ನನ್ನ ಕಿವಿಗೆ ಸರಿ ಬೀಳಲಿಲ್ಲ. ಎರಡು ಕಾಲಿನಿಂದ ತುಳಿದರೆ ಮಷೀನು ಉಸಿರಾಡಿದ ಹಾಗೆ ಸಮನಾಗಿ ಸದ್ದು ಮಾಡುತ್ತದೆ. ಒಂದೇ ಕಾಲಿನಿಂದ ತುಳಿದರೆ ಚಕ್ರ ಒಂದು ಸುತ್ತಿನಲ್ಲಿ ಒಮ್ಮೆ ಮುಗ್ಗರಿಸುತ್ತದೆ. ಕಾಜಾ ಹೊಲಿಯುತ್ತಾ ಕಣ್ಣೆತ್ತದೆ ಹೇಳಿದೆ.

"ಲೋ, ಬಲಗಾಲು ಒಂದೇ ತುಳೀತಿದೆ. ಎಡಗಾಲು ಪೆಡಲಿನ ಮೇಲೆ ಕೂತು ಸವಾರಿ ಹೋಗ್ತಿದೆ."

"ಅಕ್ಕಾ, ನಿನ್ನ ಕಿವಿಗೆ ವಯಸ್ಸಾಯ್ತು."

"ಕಿವಿಗೆ ಆಗಿದೆ, ಮಷೀನಿಗೆ ಆಗಿಲ್ಲ. ಅದು ಹೇಳೋದನ್ನೇ ನಾನು ಹೇಳ್ತಿರೋದು."

"ಪುಸ್ತಕ ನೋಡು. ಹದಿನಾಲ್ಕು, ಹದಿನಾಲ್ಕು."

ಪುಸ್ತಕ ನೋಡಿದರೆ ಹದಿನಾಲ್ಕು, ಕಾಲು ನೋಡಿದರೆ ಕಡ್ಡಿ. ನನಗೂ ಒಂದು ಗಳಿಗೆ ಕಣ್ಣಿನ ಮೇಲೇ ಅನುಮಾನ ಬಂತು. ಬರೆದದ್ದಕ್ಕೆ ಅಷ್ಟು ತಾಕತ್ತು.

ಐದನೇ ತಿಂಗಳು ತುಂಬಿದ ದಿನ ಮೇಡಂ ಹತ್ತಿರ ಹೋದೆವು, ಮೂವರೂ. ತಮ್ಮ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮದುವೆಯ ಗಂಡಿನ ಹಾಗೆ ನಡೆದ. ಮೇಡಂ ಪುಟ ನೋಡಿ ಹುಬ್ಬೇರಿಸಿದಳು.

"ಇಷ್ಟು ಬೇಗ ಯಾರಿಗೂ ತುಂಬ್ಕೊಳ್ಳಲ್ಲ ಅಂಕಲ್. ಸರಿ, ಗೋಡೆಗೆ ಎರಡು ಬೆರಳು ಇಟ್ಕೊಳ್ಳಿ. ಬಲಗಾಲು ಮಡಿಸಿ. ಎಡಗಾಲಿನ ಹಿಮ್ಮಡಿ ಎತ್ತಿ."

ತಮ್ಮ ಎತ್ತಿದ. ಅಂದರೆ ಅವನ ಹುಬ್ಬು ಎದ್ದವು, ಭುಜ ಎದ್ದವು, ಗಂಟಲ ನರ ಎದ್ದಿತು. ಹಿಮ್ಮಡಿ ನೆಲಕ್ಕೆ ಅಂಟಿಸಿದ ಹಾಗೇ ಇತ್ತು. ಮತ್ತೊಮ್ಮೆ ಪ್ರಯತ್ನಿಸಿದ. ಕೆಳಗೆ ಒಂದು ಗುಂಡುಸೂಜಿ ತೂರಿಸುವಷ್ಟು ಜಾಗವಾಯಿತು, ಅಷ್ಟೇ.

ಮೇಡಂ ತನ್ನ ಟೇಪು ತೆಗೆದು ಅಳೆದಳು. ಬಲಗಾಲು ಹದಿನಾಲ್ಕೂವರೆ. ಎಡಗಾಲು ಹನ್ನೆರಡೂವರೆ.

"ನಿಮ್ಮ ಟೇಪು ಸರಿ ಇಲ್ಲ," ಎಂದ ತಮ್ಮ.

"ಹಾಗಾದ್ರೆ ನಿಮ್ಮದ್ರಲ್ಲೇ ಅಳೆದು ತೋರ್ಸಿ."

ತಮ್ಮ ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಟೇಪು ಸುತ್ತಿದ. ಬಲಗಾಲಿಗೆ ಸುತ್ತಿ ಒಂದು ಎಳೆ ಎಳೆದ, ಹದಿನಾಲ್ಕು ಎಂದ. ಎಡಗಾಲಿಗೆ ಸುತ್ತಿದ. ಸುತ್ತುವಾಗಲೇ ಎಡಗೈಯ ಎರಡು ಬೆರಳು ತಾವಾಗಿಯೇ ಟೇಪಿನ ಒಳಗೆ ಹೋಗಿ ಕುಳಿತವು. ಹದಿನಾಲ್ಕು ಎಂದ.

ಮೇಡಂ ಬಗ್ಗಿ ನೋಡಿದಳು.

"ಅಂಕಲ್, ಒಳಗಡೆ ಇರೋ ಬೆರಳು ಯಾರದ್ದು?"

"ನನ್ನದು."

"ಕಾಲಿನದ್ದಲ್ವಲ್ಲ."

ತಮ್ಮ ತನ್ನ ಬೆರಳನ್ನೇ ನೋಡಿದ, ಯಾರೋ ಅಪರಿಚಿತರು ಅವನ ಮನೆಯೊಳಗೆ ಬಂದು ಕುಳಿತಿದ್ದಾರೇನೋ ಎಂಬ ಹಾಗೆ. ಅವನು ಮೋಸ ಮಾಡಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ದಪ್ಪಗಿರುವುದಕ್ಕೆ ಎಳೆದು ಹಿಡಿ, ತೆಳ್ಳಗಿರುವುದಕ್ಕೆ ಸಡಿಲ ಬಿಡು ಎಂದು ಮೂವತ್ತೆಂಟು ವರ್ಷ ಕಲಿಸಿದ ಕೈ, ಎದುರಿಗಿರುವುದು ಗಿರಾಕಿಯೋ ಸ್ವಂತ ಕಾಲೋ ಎಂದು ಕೇಳಲು ಹೋಗಲಿಲ್ಲ. ಆ ಬಡಕಲು ಕಾಲಿನ ಮನಸ್ಸಿಗೆ ಸಮಾಧಾನ ಮಾಡಿ ಕಳಿಸಿತ್ತು. ಆದರೆ ಕತ್ತರಿಸುವಾಗ ಲೆಕ್ಕ ಸರಿಮಾಡಿಕೊಳ್ಳುವ ಹಾಗೆ, ಇಲ್ಲಿ ಸರಿಮಾಡಿಕೊಳ್ಳಲು ಬಟ್ಟೆ ಇರಲಿಲ್ಲ.

ತಮ್ಮನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗು ತಡೆದಳು. ಆಮೇಲೆ ಅವನ ಮುಖ ನೋಡಿ ಸೆರಗನ್ನು ಇಳಿಸಿದಳು, ನಗು ಹೋಗಿತ್ತು.

"ಇನ್ನೂ ಒಂದು ತಿಂಗಳಿದೆ ಅಲ್ವಾ ಮೇಡಂ?" ಎಂದು ಕೇಳಿದವಳು ಅವಳೇ.

"ಇದೆ. ಆದ್ರೆ ಒಂದು ತಿಂಗಳಲ್ಲಿ ಹತ್ತು ಬರುತ್ತೆ ಅಂತ ನಾನು ಹೇಳಲ್ಲ. ದಿನ ಬಿಟ್ಟು ದಿನ, ಭಾರ ಪೂರ್ತಿ ಎಡಗಾಲಿನ ಮೇಲೆ. ನೋವು ಜಾಸ್ತಿ ಆದ್ರೆ ನಿಲ್ಲಿಸಿ. ಟೇಪು ಇನ್ಮೇಲೆ ಅಜ್ಜಿ ಹಿಡೀಲಿ."

ಟೇಪು ನನ್ನ ಕೈಗೆ ಬಂತು. ಮೊದಲ ಸೋಮವಾರ ಅಳೆಯುವಾಗ ಅವನ ಬೆರಳು ಅಭ್ಯಾಸಬಲದಿಂದ ಮತ್ತೆ ಒಳಗೆ ಬಂದವು. ಅವುಗಳ ಮೇಲೆ ಒಂದು ಏಟು ಕೊಟ್ಟೆ. ಐದು ವರ್ಷದವನಿದ್ದಾಗ ಸೂಜಿಯ ಕೆಳಗೆ ಕೈಯಿಟ್ಟರೆ ಕೊಡುತ್ತಿದ್ದ ಏಟು, ಅಷ್ಟೇ ಜೋರು. ಅಳತೆ ಪುಸ್ತಕದಲ್ಲಿ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು ಹನ್ನೆರಡೂವರೆ ಎಂದು ಬರೆಸಿದೆ. ಮೂವತ್ತೆಂಟು ವರ್ಷದಲ್ಲಿ ಆ ಪುಸ್ತಕ ಕಂಡ ಮೊದಲ ನಿಜ.

ಹಿಮ್ಮಡಿ ಪೂರ್ತಿ ಏಳುತ್ತದೋ ಇಲ್ಲವೋ ಎಂದು ನೋಡುವ ಉಪಾಯ ಮಾಡಿದವನು ಬೀಗದವನು. ತಮ್ಮ ಮೆಟ್ಟಿಲಿನ ಬುಡದಲ್ಲಿ ಗೋಡೆ ಹಿಡಿದು ನಿಂತು ವ್ಯಾಯಾಮ ಮಾಡುತ್ತಿದ್ದ. ಅಲ್ಲಿ ಮೇಲಿನ ತೊಲೆಯಿಂದ ದಾರದಲ್ಲಿ ಹಳೆಯ ಕೀಲಿಕೈಗಳ ಒಂದು ಗೊಂಚಲು ಇಳಿಬಿಟ್ಟ. ಬಲಗಾಲಿನಲ್ಲಿ ಪೂರ್ತಿ ಎದ್ದಾಗ ನೆತ್ತಿ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಸರಿಯಾಗಿ. ಎಡಗಾಲಿನಲ್ಲೂ ಅಷ್ಟೇ ಎದ್ದರೆ ಕೀಲಿಕೈ ಝಣ ಎನ್ನುತ್ತದೆ. ಇಲ್ಲದಿದ್ದರೆ ಇಲ್ಲ. ಇದರಲ್ಲಿ ಬೆರಳು ತೂರಿಸುವ ಹಾಗಿಲ್ಲ.

"ಕತ್ತು ಉದ್ದ ಮಾಡ್ಬೇಡ," ಎಂದು ಬೀಗದವನು ಕುಳಿತಲ್ಲಿಂದ ಕೂಗುವುದು.

"ನನ್ನ ಕತ್ತೇ ಇಷ್ಟುದ್ದ."

"ನಿನ್ನೆ ಗಿಡ್ಡ ಇತ್ತು."

ಮೊದಲ ವಾರ ಒಂದು ಸಲವೂ ಝಣ ಎನ್ನಲಿಲ್ಲ. ತಮ್ಮ ಎರಡೂ ಕಾಲಿನಲ್ಲಿ ಎದ್ದು, ಬಲಗಾಲು ಮಡಿಸಿ, ಎಡಗಾಲಿನಲ್ಲಿ ನಡುಗುತ್ತಾ ಇಳಿಯುತ್ತಿದ್ದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಗಿರಾಕಿಗಳು ಮೆಟ್ಟಿಲು ಹತ್ತಲು ಅವನನ್ನು ಬಳಸಿಕೊಂಡು ಹೋಗಬೇಕಿತ್ತು. ಎರಡನೆಯ ವಾರದ ಕೊನೆಗೆ, ನಾನು ಮೇಲೆ ಗುಂಡಿ ಹಾಕುತ್ತಿದ್ದಾಗ, ಕೆಳಗಿನಿಂದ ಒಂದೇ ಒಂದು ಝಣ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಣುಕಿದರೆ ತಮ್ಮನೂ ಬೀಗದವನೂ ಕೆಳಗಿನ ಮೆಟ್ಟಿಲಿನ ಮೇಲೆ ಅಕ್ಕಪಕ್ಕ ಕುಳಿತು ಬೀದಿ ನೋಡುತ್ತಿದ್ದರು, ದೊಡ್ಡ ಊಟ ಮುಗಿಸಿದವರ ಹಾಗೆ.

ಮೂರನೇ ವಾರ ಮೂರು. ನಾಲ್ಕನೇ ವಾರ ಐದು, ಒಂದು ದಿನ ಆರು. ಟೇಪು ಹನ್ನೆರಡೂ ಮುಕ್ಕಾಲು ಎಂದಿತು. ನಾನು ಹನ್ನೆರಡೂ ಮುಕ್ಕಾಲು ಎಂದೇ ಬರೆದೆ. ಮಷೀನಿನ ಸದ್ದಿನಲ್ಲಿ ಮುಗ್ಗರಿಸುವುದು ಕಡಿಮೆಯಾಗಿತ್ತು, ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ವ್ಯಾಯಾಮ ಅಲ್ಲಿಗೇ ನಿಲ್ಲುತ್ತಿತ್ತು.

ಆರು ತಿಂಗಳು ತುಂಬಿದ ದಿನ ಮತ್ತೆ ಆ ಕೋಣೆ. ತಮ್ಮ ಅಂದು ಟೇಪನ್ನು ಕತ್ತಿಗೆ ಹಾಕಿಕೊಂಡಿರಲಿಲ್ಲ. ಗೋಡೆಗೆ ಎರಡು ಬೆರಳಿಟ್ಟು ನಿಂತ. ಮೇಡಂ ಗೋಡೆಯ ಮೇಲೆ ಸೀಮೆಸುಣ್ಣದಿಂದ ನೆತ್ತಿ ಮುಟ್ಟಬೇಕಾದ ಎತ್ತರಕ್ಕೆ ಗೆರೆ ಎಳೆದಳು. "ಆಂಟಿ, ನೀವೇ ಎಣಿಸಿ," ಎಂದು ತಮ್ಮನ ಹೆಂಡತಿಗೆ ಹೇಳಿದಳು. ಪಣದ ವಿಷಯ ಮೇಡಂಗೆ ಗೊತ್ತಿರಲಿಲ್ಲ.

ಒಂದು, ಎರಡು, ಮೂರು ಚೆನ್ನಾಗಿ ಹೋಯಿತು. ಐದಕ್ಕೆ ಮೊಣಕಾಲು ಅದುರಿತು. ಆರಕ್ಕೆ ಅವನ ಬಾಯಿ ಒಂದು ಕಡೆ ಸೊಟ್ಟಗಾಯಿತು. ಏಳಕ್ಕೆ ನೆತ್ತಿ ಗೆರೆ ಮುಟ್ಟಿ ದಬಕ್ಕನೆ ಇಳಿಯಿತು. ಎಂಟಕ್ಕೆ ಹಿಮ್ಮಡಿ ಅರ್ಧ ಎದ್ದಿತು.

"ಎಂಟು," ಎಂದಳು ಅವನ ಹೆಂಡತಿ.

ಮುಂದಿನದು ಕಾಲುಭಾಗವೂ ಏಳಲಿಲ್ಲ.

"ಒಂಬತ್ತು," ಎಂದಳು. ಅವನು ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ, "ಹತ್ತು. ಆಯ್ತು, ಬನ್ನಿ ಕೂತ್ಕೊಳ್ಳಿ," ಎಂದುಬಿಟ್ಟಳು.

ಸವತಿಯನ್ನು ಗುಜರಿಗೆ ಹಾಕಲು ಇಷ್ಟು ವರ್ಷ ಕಾದವಳು. ಏಳರ ಮೇಲಿನ ಮೂರು ಎಣಿಕೆಯನ್ನೂ ಸಡಿಲ ಬಿಟ್ಟಳು. ಮೇಡಂ ಅವಳ ಮುಖ ನೋಡಿದಳು. ನಾನು ಗೋಡೆಯ ಗೆರೆ ನೋಡಿದೆ.

ತಮ್ಮ ಗೋಡೆ ಬಿಟ್ಟು ತಿರುಗಿದ.

"ಏಳು," ಎಂದ.

"ಹತ್ತು ಆಯ್ತು ಕಣ್ರೀ. ನಾನೇ ಎಣಿಸಿದೆ."

"ಬೆರಳು ತೆಗಿ ಕಣೇ. ಏಳು."

"ಏಳು ಅಂದ್ರೆ..."

"ಏಳು ಅಂದ್ರೆ ಏಳು. ಹದಿನಾಲ್ಕು ಅಂತ ಬರ್ಕೊಂಡು ಓಡಾಡಿದ್ದು ಸಾಕು ನನಗೆ." ಕುರ್ಚಿಯ ಮೇಲೆ ಕುಳಿತು ಕಾಲು ನೀವಿಕೊಂಡ. "ಗುಜರಿಯವನಿಗೆ ನಾನೇ ಹೇಳ್ತೀನಿ."

"ಆರು ತಿಂಗಳಿಗೆ ಏಳು ಅಂದ್ರೆ ತುಂಬ ಚೆನ್ನಾಗಿದೆ ಅಂಕಲ್," ಎಂದಳು ಮೇಡಂ. "ಯಾಕೆ, ಏನಾಯ್ತು?"

ತಮ್ಮ ಬಗ್ಗಿ ಚಪ್ಪಲಿ ಹಾಕಿಕೊಂಡ.

ಆ ವಾರವೇ ಗುಜರಿಯವನು ಕೈಗಾಡಿ ತಂದು ಬೀಗದಂಗಡಿಯ ಮುಂದೆ ನಿಲ್ಲಿಸಿ ಮೇಲೆ ಬಂದ. ಹಿಂದೆಯೇ ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಅತ್ತು ಕಣ್ಣು ಕೆಂಪಾಗಿತ್ತು, ಕೇಳಿದರೆ ಒಲೆಯ ಹೊಗೆ ಎಂದಳು. ನಮ್ಮ ಮನೆಯಲ್ಲಿರುವುದು ಗ್ಯಾಸು. ತಮ್ಮ ಮಷೀನಿನ ಬೆಲ್ಟು ಬಿಚ್ಚಲು ಬಗ್ಗಿದ್ದ. ಮಾತು ಕೊಟ್ಟವನು, ಮಾತು ಉಳಿಸಿಕೊಳ್ಳುತ್ತಾನಂತೆ.

ನಾನು ಕೈಯಲ್ಲಿದ್ದ ಕಾಜಾ ಮುಗಿಸಿ ದಾರ ಕಡಿದೆ.

"ಬೆಲ್ಟು ಮುಟ್ಬೇಡ," ಎಂದೆ.

"ಅಕ್ಕಾ, ಪಣ ಪಣವೇ. ನೀನೇ ಸಾಕ್ಷಿ."

"ಸೋತವನು ಯಾರು?"

"ನಾನು."

"ಮಷೀನು ಯಾರದ್ದು?"

ತಮ್ಮ ಬಗ್ಗಿದವನು ಹಾಗೇ ನಿಂತ.

"ಅಪ್ಪ ಇದನ್ನ ನನ್ನ ಶಾಲೆ ಬಿಡಿಸಿ ನನಗೆ ತಂದುಕೊಟ್ಟಿದ್ದು. ನಿನಗೆ ನಾನು ತುಳಿಯೋಕೆ ಕೊಟ್ಟೆ, ಪಣಕ್ಕಿಡೋಕೆ ಕೊಡಲಿಲ್ಲ. ನೀನು ಸೋತಿದ್ರೆ ನಿನ್ನ ಟೇಪು ಕೊಡು, ಕತ್ತರಿ ಕೊಡು, ಆ ಸುಳ್ಳುಬುರುಕ ಕನ್ನಡಿ ಕೊಡು. ನನ್ನ ಮಷೀನು ಯಾಕೆ ಕೊಡ್ತೀಯ?"

ಗುಜರಿಯವನು ನಮ್ಮ ಮೂವರ ಮುಖವನ್ನೂ ಸರದಿಯಂತೆ ನೋಡಿದ. "ಅಮ್ಮಾ, ಕೊಡೋರು ಯಾರು ಅಂತ ತೀರ್ಮಾನ ಮಾಡ್ಕೊಂಡು ಕರೀರಿ," ಎಂದು ಇಳಿದು ಹೋದ.

"ಅತ್ತಿಗೆ," ಎಂದಳು ತಮ್ಮನ ಹೆಂಡತಿ, "ಇದನ್ನ ಆರು ತಿಂಗಳ ಹಿಂದೇನೇ ಹೇಳ್ಬಹುದಿತ್ತಲ್ಲ."

"ಆಗ ಹೇಳಿದ್ರೆ ಇವನು ಹಿಮ್ಮಡಿ ಎತ್ತುತ್ತಿದ್ನಾ?"

ಕರೆಂಟಿನ ಮಷೀನೂ ಬಂತು, ಪಣದಲ್ಲಿ ಅದೂ ಇತ್ತಲ್ಲ. ತಮ್ಮ ಅದರಲ್ಲಿ ಒಂದು ಅಂಗಿಯ ತೋಳು ಹೊಲಿಯಲು ಹೋಗಿ ತೋಳಿನ ಬಾಯಿಯನ್ನೂ ಮುಚ್ಚಿ ಹೊಲಿದ. ಈಗ ಅದರ ಮೇಲೆ ಅವನ ಹೆಂಡತಿ ಕುಳಿತು ದಿಂಬಿನ ಚೀಲ ಹೊಲಿಯುತ್ತಾಳೆ, ಊರಿಗೆಲ್ಲ ಆಗುವಷ್ಟು. ಹಳೆಯದರಲ್ಲಿ ತಮ್ಮ. ಆದರೆ ದಿನ ಬೆಳಿಗ್ಗೆ ಕುಳಿತುಕೊಳ್ಳುವ ಮೊದಲು ನನ್ನನ್ನು ಕೇಳಬೇಕು.

"ಅಕ್ಕಾ, ತುಳೀಲಾ?"

ದಿನ ಬಿಟ್ಟು ದಿನ ಕೆಳಗೆ ಕೀಲಿಕೈ ಸದ್ದು ಕೇಳದೆ ನಾನು ಹೂಂ ಅನ್ನುವುದಿಲ್ಲ. ಎರಡು ಕಾಲಿನಿಂದ ತುಳಿಯದಿದ್ದರೆ ಎಬ್ಬಿಸುತ್ತೇನೆ. ಹೆಡ್ ಗುಮಾಸ್ತರು ಕಳೆದ ತಿಂಗಳು ಮತ್ತೊಂದು ಪ್ಯಾಂಟು ತಂದರು. ತಮ್ಮ ಸೊಂಟಕ್ಕೆ ಟೇಪು ಸುತ್ತಿ, ಎಳೆಯಲು ಹೋಗಿ, ನನ್ನ ಕಡೆ ನೋಡಿ, ಇದ್ದದ್ದನ್ನೇ ಹೇಳಿದ. ಗುಮಾಸ್ತರಿಗೆ ಬಹಳ ಬೇಜಾರಾಯಿತು. ಹೊಲಿದ ಪ್ಯಾಂಟನ್ನು ತೊಡುವ ಮೊದಲು ಹಿಂಭಾಗವನ್ನು ಅಂಗೈಯಿಂದ ಎರಡು ಸಲ ಸವರಿ ನೋಡಿದರು, ಡಬ್ಬಿಯಲ್ಲಿ ಹನ್ನೆರಡೂ ಇದೆಯೇ ಎಂದು ನನ್ನಿಂದ ಎಣಿಕೆ ಮಾಡಿಸಿದರು, ಆಮೇಲೆ ಹೋದರು.

ಕೀಲಿಕೈ ಒಂದೇ ಉಸಿರಿಗೆ ಹತ್ತು ಸಲ ಝಣ ಎಂದದ್ದು ಎಂಟನೇ ತಿಂಗಳಲ್ಲಿ. ಹನ್ನೊಂದು ಎಂದು ಬೀಗದವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಮೇಲೆ ಕುಳಿತು ಎಣಿಸಿದ್ದೇನೆ. ಹತ್ತು.